ಸಂಬಳವಿಲ್ಲದ ಸೇವೆಗೂ ಲೆಕ್ಕವುಂಟು



ಒಂದು ಸಂಜೆ ನೀವು ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದೀರಿ ಎಂದುಕೊಳ್ಳಿ. ದಾರಿಯ ಬದಿಯ ಬಯಲಿನಲ್ಲಿ ಹದಿನೈದು ಇಪ್ಪತ್ತು ಮಕ್ಕಳು ಒಂದೇ ಚೆಂಡಿನ ಬೆನ್ನು ಹತ್ತಿ ಓಡುತ್ತಿದ್ದಾರೆ. ಗೋಲಿನ ಕಂಬಗಳಿಲ್ಲ, ಎರಡೂ ಕಡೆ ಚಪ್ಪಲಿಗಳನ್ನೋ ಶಾಲೆಯ ಪಾಟಿಚೀಲಗಳನ್ನೋ ಇಟ್ಟು ಗುರುತು ಮಾಡಿಕೊಂಡಿದ್ದಾರೆ. ಚೆಂಡು ಎಲ್ಲಿದೆಯೋ ಎಲ್ಲರೂ ಅಲ್ಲಿಯೇ. ಅದು ಹೇಗೋ ಉರುಳಿ ನಿಮ್ಮ ಕಾಲಬಳಿಗೆ ಬರುತ್ತದೆ. ವಿದ್ಯಾರ್ಥಿ ದೆಸೆಯಲ್ಲಿ ಅಷ್ಟಿಷ್ಟು ಆಡಿದ್ದವರು ನೀವು. ಅದನ್ನು ಪಾದದ ಒಳಬದಿಯಿಂದ ನೇರವಾಗಿ ಹಿಂದಿರುಗಿಸುತ್ತೀರಿ. ಮಕ್ಕಳು ಬೆರಗಾಗಿ ನೋಡುತ್ತಾರೆ. ಅವರಲ್ಲಿ ಧೈರ್ಯವಂತನೊಬ್ಬ ಮುಂದೆ ಬಂದು ಕೇಳುತ್ತಾನೆ: "ಸರ್, ನಿಮಗ ಆಡಾಕ ಬರ್ತೈತೇನ್ರಿ? ನಮಗೂ ಸ್ವಲ್ಪ ಹೇಳಿಕೊಡ್ರಿ."

ನೀವು "ಆಗಲಿ" ಎನ್ನುತ್ತೀರಿ. ಅಷ್ಟಕ್ಕೆ ನೀವು ತರಬೇತುದಾರರಾದಿರಿ. ನೇಮಕದ ಆದೇಶವಿಲ್ಲ, ಸಂಬಳವಿಲ್ಲ, ವರ್ಗಾವಣೆಯ ಭಯವೂ ಇಲ್ಲ. ಇಷ್ಟು ಸುಲಭವಾಗಿ ದೊರೆಯುವ ಹುದ್ದೆ ಲೋಕದಲ್ಲಿ ಮತ್ತೊಂದಿರಲಾರದು. ಇಷ್ಟು ಸುಲಭವಾಗಿ ದೊರೆತದ್ದರಿಂದಲೇ ಅದರ ಭಾರವೇನೆಂಬುದನ್ನು ನಾವು ಯೋಚಿಸುವುದಿಲ್ಲ. ಈ ಲೇಖನದಲ್ಲಿ ಆ ಭಾರವನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ನನಗೂ ಹೀಗೆಯೇ ಆಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ನಡುವಣ ನಮ್ಮ ಅರಭಾವಿ ಸೀಮೆ ಫುಟ್ಬಾಲಿಗೆ ಹೆಸರಾದುದಲ್ಲ. ಹಿಡಕಲ್ ಜಲಾಶಯದಿಂದ ಕಾಲುವೆಯಲ್ಲಿ ಹರಿದು ಬರುವ ಘಟಪ್ರಭೆಯ ನೀರು, ಕಬ್ಬಿನ ಗದ್ದೆ, ಗೋವಿನಜೋಳ, ತೋಟಗಾರಿಕೆ ಕಾಲೇಜು - ಇವು ಇಲ್ಲಿಯ ಗುರುತುಗಳು. ಆಟವೆಂದರೆ ಕುಸ್ತಿ, ಕಬಡ್ಡಿ, ಕೊಕ್ಕೊ. ಈಚೆಗೆ ಎಲ್ಲೆಡೆಯಂತೆ ಕ್ರಿಕೆಟ್. ಫುಟ್ಬಾಲನ್ನು ನೋಡಬೇಕಾದರೆ ನಮ್ಮವರು ಬೆಳಗಾವಿಗೆ ಹೋಗಬೇಕು. ಅಲ್ಲಿಯ ದಂಡು ಪ್ರದೇಶದಲ್ಲಿ 1856ರಲ್ಲಿ ಆರಂಭವಾದ ಸಂತ ಪೌಲರ ಶಾಲೆಯ ಮೈದಾನವಿದೆ. ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಫಾದರ್ ಎಡ್ಡಿ ಅವರ ಸ್ಮರಣೆಯಲ್ಲಿ ಶಾಲಾ ತಂಡಗಳಿಗಾಗಿ ಪಂದ್ಯಾವಳಿ ನಡೆಸುತ್ತ ಬಂದಿದ್ದಾರೆ. ನಮ್ಮ ಹಳ್ಳಿಯ ಮಕ್ಕಳಿಗೆ ಫುಟ್ಬಾಲು ಬಂದದ್ದು ಆ ದಾರಿಯಿಂದಲೂ ಅಲ್ಲ, ಮೊಬೈಲಿನಿಂದ. 2022ರ ಡಿಸೆಂಬರಿನಲ್ಲಿ ಕತಾರಿನಲ್ಲಿ ಅರ್ಜೆಂಟೀನಾ ವಿಶ್ವಕಪ್ ಗೆದ್ದ ಮೇಲೆ ನಮ್ಮ ಬಯಲಿನಲ್ಲಿಯೂ ಹತ್ತನೆಯ ಸಂಖ್ಯೆಯ ಅಂಗಿಗಳು ಕಾಣಿಸಿಕೊಂಡವು. ಅದೇ ಮಳೆಗಾಲದ ಹೊತ್ತಿಗೆ, ಅಂದರೆ 2023ರಲ್ಲಿ, ನಾನು "ಆಗಲಿ" ಎಂದವನು.

ತರಬೇತುದಾರನಾಗಲು ದೊಡ್ಡ ಆಟಗಾರನಾಗಿರಬೇಕೆಂಬುದು ತಪ್ಪು ತಿಳಿವಳಿಕೆ. ನಮ್ಮ ದೇಶದ ಅತಿ ದೊಡ್ಡ ಫುಟ್ಬಾಲ್ ತರಬೇತುದಾರರೆನಿಸಿದ ಸೈಯದ್ ಅಬ್ದುಲ್ ರಹೀಮರು ಹೈದರಾಬಾದಿನ ಶಾಲಾ ಶಿಕ್ಷಕರಾಗಿದ್ದವರು. ಅವರ ಮಾರ್ಗದರ್ಶನದಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದಾಗ ಅವರನ್ನು ಕ್ಯಾನ್ಸರ್ ಕಾಡುತ್ತಿತ್ತು. ಮರುವರ್ಷವೇ ಅವರು ತೀರಿಕೊಂಡರು. ಶಿಕ್ಷಕನೊಬ್ಬ ತರಗತಿಯಲ್ಲಿ ಮಾಡುವುದನ್ನೇ ಅವರು ಮೈದಾನದಲ್ಲಿ ಮಾಡಿದರು: ಎದುರಿಗಿರುವವನು ಯಾರು, ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ನೋಡಿ ಕಲಿಸಿದರು.

ಕಲಿಯಬೇಕಾದ ಚಿಕ್ಕ ಸಂಗತಿಗಳು ಮಾತ್ರ ಹಲವಿವೆ. ಎಂಟು ವರ್ಷದ ಒಳಗಿನ ಮಕ್ಕಳಿಗೆ ಮೂರನೆಯ ಅಳತೆಯ ಚೆಂಡು, ಎಂಟರಿಂದ ಹನ್ನೆರಡರವರೆಗೆ ನಾಲ್ಕನೆಯದು, ಅನಂತರ ಐದನೆಯದು. ಐದನೆಯ ಅಳತೆಯ ಚೆಂಡಿನ ತೂಕ 410ರಿಂದ 450 ಗ್ರಾಂ. ಎಳೆಯ ಕಾಲಿಗೆ ಅದು ಭಾರ. ಚಿಕ್ಕವರನ್ನು ಹನ್ನೊಂದು ಹನ್ನೊಂದಾಗಿ ದೊಡ್ಡ ಮೈದಾನದಲ್ಲಿ ಬಿಟ್ಟರೆ ಅರ್ಧದಷ್ಟು ಮಕ್ಕಳಿಗೆ ಚೆಂಡು ಮುಟ್ಟುವ ಅವಕಾಶವೇ ಬರುವುದಿಲ್ಲ. ಅದಕ್ಕಾಗಿಯೇ ಎಳೆಯರನ್ನು ಚಿಕ್ಕ ಅಂಗಳದಲ್ಲಿ ನಾಲ್ವರು ಐವರ ತಂಡಗಳಾಗಿ ಆಡಿಸುವ ಕ್ರಮವಿದೆ. 2015ರಲ್ಲಿ ಅಮೆರಿಕದ ಫುಟ್ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕೂ ಕಡಿಮೆ ವಯಸ್ಸಿನ ಮಕ್ಕಳು ಚೆಂಡಿಗೆ ತಲೆ ಕೊಡಬಾರದೆಂದು ನಿಯಮ ಮಾಡಿತು. ಬೆಳೆಯುವ ಮಿದುಳಿನ ಕಾಳಜಿ ಅದಕ್ಕೆ ಕಾರಣ. ನಮ್ಮಲ್ಲಿಯೂ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ತರಬೇತುದಾರರಿಗೆ ಹಂತಹಂತವಾಗಿ ಶಿಕ್ಷಣ ಕೊಟ್ಟು ಪರವಾನಗಿ ನೀಡುತ್ತದೆ. ನಮ್ಮ ಬಯಲಿಗೆ ಮಾತ್ರ ಸಂಬಂಧಿಸಿದ ಇನ್ನೊಂದು ಪಾಠವನ್ನು ಯಾವ ಪುಸ್ತಕವೂ ಕಲಿಸದು: ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಡೆದು ಜಾಲಿಯ ಮುಳ್ಳುಗಳನ್ನು ಆರಿಸಬೇಕು. ಇಲ್ಲವಾದರೆ ಚೆಂಡೂ ಉಳಿಯದು, ಬರಿಗಾಲೂ ಉಳಿಯದು.

ಇವೆಲ್ಲ ಆರು ತಿಂಗಳಲ್ಲಿ ಕಲಿಯಬಹುದಾದ ಸಂಗತಿಗಳು. ಕಲಿಯಲು ನನಗೆ ಬಹಳ ಕಷ್ಟವಾದದ್ದು ಬೇರೆಯೊಂದು.

ಎರಡನೆಯ ವರ್ಷ ನಮ್ಮ ಹುಡುಗರನ್ನು ಬೆಳಗಾವಿಯ ಒಂದು ಪಂದ್ಯಕ್ಕೆ ಕರೆದುಕೊಂಡು ಹೋದೆ. ನಸುಕಿನಲ್ಲಿ ಎದ್ದು ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿದೆವು. ಒಟ್ಟು ಹದಿನಾಲ್ಕು ಹುಡುಗರು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅವರಲ್ಲಿ ಅನೇಕರಿಗೆ ಹುಲ್ಲಿನ ಮೈದಾನವನ್ನು ನೋಡುವುದೇ ಮೊದಲ ಸಲ. ಹದಿನಾಲ್ವರಲ್ಲಿ ಒಬ್ಬ ಹುಡುಗನಿದ್ದ; ಅವನ ಹೆಸರು ಬೇಡ. ಓಟ ನಿಧಾನ, ಎಡಗಾಲು ಸ್ವಲ್ಪವೂ ಸಾಗದು. ಆದರೆ ಒಂದು ಸಂಜೆಯೂ ತಪ್ಪಿಸಿಕೊಂಡವನಲ್ಲ. ಮುಳ್ಳು ಆರಿಸಲು ಮೊದಲು ಬರುವವನು ಅವನು. ಚೆಂಡಿಗೆ ಗಾಳಿ ತುಂಬುವ ಪಂಪು, ಸೂಜಿ ಎರಡೂ ಅವನ ಕೈಯಲ್ಲೇ ಇರುತ್ತಿದ್ದವು. ಸೂಜಿ ಕಳೆಯದಿರಲೆಂದು ಅದನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಿರುತ್ತಿದ್ದ.

ಪಂದ್ಯ ಬಿಗಿಯಾಗಿತ್ತು. ಅರ್ಧಕಾಲದಲ್ಲಿ ಸಮ-ಸಮ. ಕುಳಿತಿದ್ದ ಮೂವರಲ್ಲಿ ಇಬ್ಬರನ್ನು ಒಳಗೆ ಕಳಿಸಿದೆ. ಅವನು ಬೂಟಿನ ಲಾಡಿ ಬಿಗಿದು ನನ್ನ ಮುಖವನ್ನೇ ನೋಡುತ್ತಿದ್ದ. 'ಇನ್ನೈದು ನಿಮಿಷ ಕಳೆಯಲಿ' ಎಂದುಕೊಂಡೆ. ಅಷ್ಟರಲ್ಲಿ ನಾವು ಒಂದು ಗೋಲು ಮುಂದಾದೆವು. ಈಗ ಅವನನ್ನು ಕಳಿಸಿದರೆ ಕೈಗೆ ಬಂದದ್ದು ಹೋದೀತೆಂಬ ಭಯ ಹಿಡಿಯಿತು. ಪಂದ್ಯ ಮುಗಿಯಿತು, ನಾವು ಗೆದ್ದೆವು. ಯಾರೋ ನನ್ನ ಬೆನ್ನು ತಟ್ಟಿ, ಹಳ್ಳಿಯ ಮಕ್ಕಳನ್ನು ಎಷ್ಟು ಚೆನ್ನಾಗಿ ತಯಾರು ಮಾಡಿದ್ದೀರಿ, ಅದೂ ಪುಕ್ಕಟೆಯಾಗಿ ಎಂದು ಹೊಗಳಿದರು. ನಾನು ಬಹಳ ಸಂತೋಷಪಟ್ಟೆ. ಮರಳುವ ರೈಲಿನಲ್ಲಿ ಅವನು ಎಲ್ಲರ ಜೊತೆ ಹಾಡಿದ, ಎಲ್ಲರಿಗಿಂತ ಗಟ್ಟಿಯಾಗಿಯೇ ಹಾಡಿದ. ನನ್ನ ಮನಸ್ಸಿಗೆ ಅದರಿಂದ ಸಮಾಧಾನವೂ ಆಯಿತು: ಪಾಪ, ಅವನಿಗೇನೂ ಬೇಸರವಿಲ್ಲ.

ಎರಡು ದಿನಗಳ ಮೇಲೆ ಅವನ ಮನೆಯ ಮುಂದೆ ಹಾದುಹೋಗುವಾಗ ಅವನ ತಾಯಿ ಕರೆದರು. ಬೆಲ್ಲ ನೀರು ಕೊಟ್ಟು ಕೂಡ್ರಿಸಿದರು. "ನೀವು ನನ್ನ ಮಗನ್ನ ಆಡಿಸಿದ್ರಂತಲ್ರಿ ಸರ್. ಮನಿಗೆ ಬಂದು ಎಲ್ಲಾ ಹೇಳಿದಾ. ಚೆಂಡು ಹೆಂಗ ಬಂತು, ತಾ ಹೆಂಗ ಒದ್ದ್ಯಾ ಅಂತ. ಅವಗ ಯಾರೂ ಹಂಗ ಕರಕೊಂಡಿಲ್ರಿ. ನಿಮ್ಮ ಉಪಕಾರ ದೊಡ್ಡದು" ಎಂದರು. ಹುಡುಗ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ನೋಡಿ ಕಣ್ಣು ಕೆಳಗೆ ಮಾಡಿದ.

ಓದುಗರೇ, ನಾನೇನು ಮಾಡಬೇಕಿತ್ತು? ಸತ್ಯ ಹೇಳಿದರೆ ತಾಯಿಯ ಮುಂದೆ ಮಗನ ಮಾನ ಹೋಗುತ್ತದೆ. ಸುಮ್ಮನಿದ್ದರೆ ಮಾಡದ ಉಪಕಾರಕ್ಕೆ ಕೃತಜ್ಞತೆಯನ್ನು ಪಡೆದಂತಾಗುತ್ತದೆ. ನಾನು ಸುಮ್ಮನಿದ್ದೆ. ಬೆಲ್ಲ ತಿಂದು ನೀರು ಕುಡಿದು ಎದ್ದು ಬಂದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗ ಸುಳ್ಳು ಹೇಳಿದ್ದ, ನಿಜ. ಆದರೆ ಆ ಸುಳ್ಳಿನ ಅಗತ್ಯವನ್ನು ಉಂಟುಮಾಡಿದವನು ನಾನು. ತನ್ನ ಅವ್ವನ ಎದುರಿಗೆ ತಾನು ಚಿಕ್ಕವನಾಗಬಾರದೆಂದು ಅವನು ಹೇಳಿದ ಮಾತು ನನ್ನನ್ನೂ ದೊಡ್ಡವನನ್ನಾಗಿ ಮಾಡಿತ್ತು.

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು: ಸಂಬಳವಿಲ್ಲದೆ ದುಡಿಯುವವನು ನಿಜವಾಗಿಯೂ ಸಂಬಳವಿಲ್ಲದೆ ದುಡಿಯುತ್ತಾನೆಯೇ? ನನ್ನ ಮಟ್ಟಿಗೆ ಉತ್ತರ, ಇಲ್ಲ. ನಾನು ಹಣ ಪಡೆಯಲಿಲ್ಲ; ಆದರೆ ಗೆಲುವನ್ನು ಪಡೆದೆ, ಹೊಗಳಿಕೆಯನ್ನು ಪಡೆದೆ, 'ಸರ್' ಎಂಬ ಗೌರವವನ್ನು ಪಡೆದೆ, ಹದಿನಾಲ್ಕು ಮಕ್ಕಳು ನನ್ನ ಸೀಟಿಗೆ ನಿಲ್ಲುವ, ಓಡುವ ಅಧಿಕಾರವನ್ನು ಪಡೆದೆ. ಹಣ ಪಡೆಯುವವನ ಸಂಬಳ ಎಲ್ಲರಿಗೂ ಗೊತ್ತು. ಅದನ್ನು ಯಾರು ಕೊಡುತ್ತಾರೆಂಬುದೂ ಗೊತ್ತು. ಪುಕ್ಕಟೆ ದುಡಿಯುವವನ ಸಂಬಳ ಯಾರಿಗೂ ಕಾಣುವುದಿಲ್ಲ. ಆ ದಿನ ನನ್ನ ಸಂಬಳವನ್ನು ಕೊಟ್ಟವನು ಕೊರಳಿಗೆ ಸೂಜಿ ಕಟ್ಟಿಕೊಂಡಿದ್ದ ಆ ಹುಡುಗ. ತಂಡದಲ್ಲಿ ಎಲ್ಲರಿಗಿಂತ ಬಡವನಾದ ಆಟಗಾರನಿಂದಲೇ ನಾನು ವಸೂಲಿ ಮಾಡಿದ್ದೆ.

ಮನುಷ್ಯನಾದವನು ಯಾವ ಸಂತೋಷವನ್ನೂ ಬಯಸದೆ ಸೇವೆ ಮಾಡಬೇಕೆಂದು ನಾನು ಹೇಳುವುದಿಲ್ಲ. ಅಂಥ ಸೇವೆ ನಮ್ಮಂಥವರಿಗೆ ಸಾಧ್ಯವೂ ಅಲ್ಲ. ಮಗುವೊಂದು ಮೊದಲ ಸಲ ಚೆಂಡನ್ನು ಸರಿಯಾಗಿ ನಿಲ್ಲಿಸಿದಾಗ ಆಗುವ ಹಿಗ್ಗು ಯಾರ ಜೇಬಿನಿಂದಲೂ ಬಂದದ್ದಲ್ಲ. ಅದನ್ನು ಪಡೆಯಲು ನಾಚಿಕೆ ಬೇಡ. ಆದರೆ ಒಬ್ಬ ಮಗುವನ್ನು ಬದಿಗೆ ಕೂಡ್ರಿಸಿ ಪಡೆದ ಹಿಗ್ಗು ಬೇರೆ. ಎರಡೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಬೇರ್ಪಡಿಸಿ ನೋಡಬೇಕಾದವರು ನಾವೇ.

ಇಲ್ಲಿ ನಮ್ಮ ಸೀಮೆಯ ಹಳೆಯ ತರಬೇತುದಾರನನ್ನು ನೆನೆಯುತ್ತೇನೆ. ಗರಡಿ ಮನೆಯ ವಸ್ತಾದನನ್ನು ನೀವು ಬಲ್ಲಿರಿ. ನಸುಕಿನಲ್ಲೇ ಗರಡಿಯ ಮಣ್ಣು ಹದಮಾಡಿ, ಹುಡುಗರಿಗೆ ಬೈಠಕ್ಕು ಹೊಡೆಸಿ, ಪಟ್ಟು ಕಲಿಸಿ, ಸೂರ್ಯ ಏರುವ ಹೊತ್ತಿಗೆ ತನ್ನ ಹೊಲಕ್ಕೆ ಹೋಗುವವನು. ಅವನೂ ಎಷ್ಟೋ ಊರುಗಳಲ್ಲಿ ಸಂಬಳ ಕಾಣದವನೇ. ಅವನ ವಿದ್ಯೆಯಲ್ಲಿ ಒಂದು ಗುಣವಿದೆ. ಗರಡಿಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಜೋಡಿ ಬೇಕು. ಮೈತೂಕ, ಶಕ್ತಿ ನೋಡಿ ಜೋಡಿ ಹಚ್ಚುತ್ತಾರೆ. ಬಡಕಲು ಹುಡುಗನಿಗೆ ಬಡಕಲು ಹುಡುಗನೇ ಜೋಡಿ. ಸೋಲಲಿ ಗೆಲ್ಲಲಿ, ಮೈಗೆ ಮಣ್ಣು ಹತ್ತದೆ ಯಾರೂ ಮನೆಗೆ ಹೋಗುವುದಿಲ್ಲ. ಫುಟ್ಬಾಲಿನ ಕಥೆ ಹಾಗಲ್ಲ. ಅದರಲ್ಲಿ ಹನ್ನೊಂದು ಜನರನ್ನು ಆರಿಸಬೇಕು. ಆರಿಸುವುದೆಂದರೆ ಉಳಿದವರನ್ನು ಬಿಡುವುದು. ಆರಿಸುವ ಅಧಿಕಾರ ಒಬ್ಬನ ಕೈಯಲ್ಲಿದೆ. ಆದುದರಿಂದ ಈ ಆಟದ ತರಬೇತುದಾರನಿಗೆ ವಸ್ತಾದನಿಗಿಂತ ಒಂದು ಪರೀಕ್ಷೆ ಹೆಚ್ಚು.

ನೀವು ಹೇಳಬಹುದು: ಆಟವೆಂದ ಮೇಲೆ ಗೆಲ್ಲಬೇಡವೇ? ಗೆಲ್ಲಬೇಕೆಂಬ ಹಟವಿಲ್ಲದೆ ಆಡಿದರೆ ಅದು ಆಟವೇ? ಚೆನ್ನಾಗಿ ಆಡುವ ಹುಡುಗನನ್ನು ಹೊರಗೆ ಕರೆದು, ಬಾರದವನನ್ನು ಒಳಗೆ ಕಳಿಸುವುದು ಚೆನ್ನಾಗಿ ಆಡುವವನಿಗೆ ಮಾಡಿದ ಅನ್ಯಾಯವಲ್ಲವೇ? ಈ ಮಾತಿನಲ್ಲಿ ಹುರುಳಿದೆ. ಮಕ್ಕಳು ಗೆಲ್ಲಲೆಂದೇ ಆಡುತ್ತಾರೆ. ಗೆಲುವು ಬೇಡವೆನ್ನುವ ಉಪದೇಶವನ್ನು ಅವರು ನಂಬುವುದೂ ಇಲ್ಲ. ಬಾರದವನನ್ನು ಹುಸಿಯಾಗಿ ಹೊಗಳುವುದೂ ಅವಮಾನವೇ. ತನಗೆ ಎಷ್ಟು ಬರುತ್ತದೆಂಬುದು ಆ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತು. ರಾಜ್ಯಕ್ಕಾಗಿ, ದೇಶಕ್ಕಾಗಿ ಆಡುವ ತಂಡದಲ್ಲಿ ಸಮರ್ಥನೇ ಆಡಬೇಕು. ಅಲ್ಲಿ ಕನಿಕರಕ್ಕೆ ಸ್ಥಳವಿಲ್ಲ.

ಆದರೆ ಹನ್ನೆರಡು ವರ್ಷದ ಮಕ್ಕಳ ತಂಡ ದೇಶದ ತಂಡವಲ್ಲ. ಅಲ್ಲಿಯ ಗೆಲುವು ಯಾರಿಗೆ ಬೇಕು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಆ ದಿನ ನಾನು ಅವನನ್ನು ಐದು ನಿಮಿಷ ಆಡಿಸಿ ಸೋತಿದ್ದರೆ ಹುಡುಗರು ಅರ್ಧ ದಾರಿಯವರೆಗೆ ಸಪ್ಪಗಿದ್ದು, ಅನಂತರ ಹೇಗೂ ಹಾಡುತ್ತಿದ್ದರು. ಸೋಲು ತಡೆಯಲಾರದೆ ಇದ್ದವನು ನಾನು. ಮಕ್ಕಳ ಹೆಸರಿನಲ್ಲಿ ನಾವು ಕಾಯುವ ಎಷ್ಟೋ ಗೆಲುವುಗಳು ಹೀಗೆ ದೊಡ್ಡವರ ಗೆಲುವುಗಳೇ. ಪರೀಕ್ಷೆಯ ಅಂಕಗಳ ವಿಷಯದಲ್ಲಿ, ಸ್ನೇಹ ಸಮ್ಮೇಳನದ ಬಹುಮಾನಗಳ ವಿಷಯದಲ್ಲಿ ತಂದೆತಾಯಿಗಳಾದ ನಾವೂ ಇದನ್ನೇ ಮಾಡುತ್ತಿಲ್ಲವೇ?

ಮೇಲಾಗಿ ಗೆಲುವನ್ನೇ ಕೂಲಿಯೆಂದು ನಂಬಿದವನಿಗೆ ಅದು ಅವನ ಆಯುಷ್ಯದಲ್ಲಿ ಸಿಕ್ಕೀತೆಂಬ ಭರವಸೆಯೂ ಇಲ್ಲ. ನಮ್ಮ ರಾಜ್ಯದ ಸಂಗತಿಯನ್ನೇ ನೋಡಿ. 1968-69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆದ್ದ ನಮ್ಮ ತಂಡಕ್ಕೆ ಮುಂದಿನ ಗೆಲುವು ದೊರೆತದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವೆ ಐವತ್ನಾಲ್ಕು ವರ್ಷಗಳು. ಆ ಅವಧಿಯಲ್ಲಿ ಬೆಂಗಳೂರಿನ ಓಣಿಗಳಲ್ಲಿ, ಬೆಳಗಾವಿಯ ಮೈದಾನಗಳಲ್ಲಿ, ಎಷ್ಟೋ ಊರುಗಳಲ್ಲಿ ಸಂಜೆ ಸಂಜೆ ಮಕ್ಕಳಿಗೆ ಚೆಂಡು ಒದೆಯುವುದನ್ನು ಕಲಿಸಿ, ಕಪ್ಪನ್ನು ಕಾಣದೆಯೇ ಕಣ್ಣು ಮುಚ್ಚಿದವರು ಎಷ್ಟು ಜನರೋ! ಅವರ ದುಡಿಮೆ ವ್ಯರ್ಥವಾಯಿತೇ? ಇಲ್ಲವೆಂದಾದರೆ, ಅದರ ಬೆಲೆ ಕಪ್ಪಿನಲ್ಲಿ ಇರಲಿಲ್ಲವೆಂದೇ ಅರ್ಥ. ಅವರ ಕೈಯಲ್ಲಿ ಬೆಳೆದ ಮಕ್ಕಳ ಸಂಜೆಗಳಲ್ಲಿ ಅದು ಇತ್ತು.

ಸಂತ ಜಾನ್ ಬೋಸ್ಕೊ ಅವರ ಜೀವನವನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. 1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್ ನಗರದ ಬೀದಿಮಕ್ಕಳನ್ನು ಕೂಡಿಸಿಕೊಂಡ ಅವರು, ಬಾಲ್ಯದಲ್ಲಿ ಜಾತ್ರೆಯ ದೊಂಬರನ್ನು ನೋಡಿ ಹಗ್ಗದ ಮೇಲೆ ನಡೆಯಲು ಕಲಿತಿದ್ದವರು. ಅವರ ಹುಡುಗರ ಗದ್ದಲಕ್ಕೆ ಬೇಸತ್ತ ನೆರೆಹೊರೆಯವರು ಅವರನ್ನು ಒಂದು ಸ್ಥಳದಿಂದ ಇನ್ನೊಂದಕ್ಕೆ ಅಟ್ಟುತ್ತಿದ್ದರು. 1846ರ ಪಾಸ್ಖ ಹಬ್ಬದ ಹೊತ್ತಿಗೆ ವಾಲ್ದೊಕ್ಕೊ ಎಂಬಲ್ಲಿಯ ಒಂದು ಕೊಟ್ಟಿಗೆಯಂಥ ಮನೆ ಅವರಿಗೆ ನೆಲೆಯಾಯಿತು. ಹಿರಿಯನಾದವನು ಆಟದ ಅಂಗಳವನ್ನು ದೂರದಿಂದ ನೋಡುವ ಕಾವಲುಗಾರನಾಗದೆ ಮಕ್ಕಳ ನಡುವೆಯೇ ಇರಬೇಕೆಂಬುದು ಅವರ ಶಿಕ್ಷಣಪದ್ಧತಿಯ ತಿರುಳು. ನಡುವೆ ಇರುವವನಿಗೆ ಮಾತ್ರ ಅಂಚಿನಲ್ಲಿ ಕುಳಿತವನ ಮುಖ ಕಾಣುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಹೋದ ಕುರುಬನ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ನಾನು ಮಾಡಿದ್ದು ಅದರ ತಿರುಗುಮುರುಗು: ಹದಿಮೂರರ ಸಲುವಾಗಿ ಒಂದನ್ನು ಬಿಟ್ಟೆ, ಅದೂ ಕಣ್ಣೆದುರಿಗೇ ಕುಳಿತಿದ್ದ ಒಂದನ್ನು.

ಪುಕ್ಕಟೆ ಸೇವೆಗೆ ಇನ್ನೊಂದು ಅಪಾಯವಿದೆ. ಅದನ್ನು ಹೇಳದೆ ಈ ಮಾತು ಪೂರ್ಣವಾಗದು. ಸಂಬಳ ಪಡೆಯುವ ಶಿಕ್ಷಕನನ್ನು ಪ್ರಶ್ನಿಸಲು ಮುಖ್ಯಾಧ್ಯಾಪಕರಿದ್ದಾರೆ, ಇಲಾಖೆಯಿದೆ. ಪುಕ್ಕಟೆ ದುಡಿಯುವವನನ್ನು ಪ್ರಶ್ನಿಸಲು ಜನ ಸಂಕೋಚಪಡುತ್ತಾರೆ. 'ಪಾಪ, ತನ್ನ ಸಮಯ ಕೊಟ್ಟು ಮಾಡುತ್ತಿದ್ದಾನೆ, ಏನು ಕೇಳುವುದು?' ಈ ಸಂಕೋಚದ ಮರೆಯಲ್ಲಿ ಒರಟು ಮಾತು ನಡೆಯುತ್ತದೆ, ಪೆಟ್ಟು ನಡೆಯುತ್ತದೆ; ಕೆಲವೆಡೆ ಹೇಳಬಾರದ ಕೇಡೂ ನಡೆದದ್ದುಂಟು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲು 2012ರಲ್ಲಿ ಬಂದ ಪೋಕ್ಸೊ ಕಾಯ್ದೆ, ನಂಬಿಕೆಯ ಸ್ಥಾನದಲ್ಲಿರುವವನು ಎಸಗುವ ಅಪರಾಧವನ್ನು ಹೆಚ್ಚು ಘೋರವೆಂದು ಎಣಿಸುತ್ತದೆ. ತಿಳಿದೂ ತಿಳಿಸದೆ ಇರುವುದನ್ನೂ ಅಪರಾಧವೆನ್ನುತ್ತದೆ. ಮಕ್ಕಳ ಸಹಾಯವಾಣಿ 1098ನ್ನು ಪ್ರತಿಯೊಂದು ಮಗುವೂ ಬಾಯಿಪಾಠ ಮಾಡಿರಬೇಕು. ನೀವು ತರಬೇತುದಾರರಾಗುವುದಾದರೆ ಒಬ್ಬರೇ ಆಗಬೇಡಿ. ಇನ್ನೊಬ್ಬ ಹಿರಿಯರು ಮೈದಾನದಲ್ಲಿರಲಿ. ಪರ ಊರಿಗೆ ಹೋಗುವಾಗ ತಂದೆ ಅಥವಾ ತಾಯಿಯೊಬ್ಬರು ಜೊತೆಗಿರಲಿ. ಯಾರಾದರೂ ಬಂದು ನೋಡಿದರೆ, ಪ್ರಶ್ನೆ ಕೇಳಿದರೆ, ಅದನ್ನು ಅವಮಾನವೆಂದು ತಿಳಿಯಬೇಡಿ. ಕೇಳುವವರಿರುವುದು ಮಗುವಿಗೂ ಕ್ಷೇಮ, ನಿಮಗೂ ಕ್ಷೇಮ.

ಹಾಗೆಯೇ, ಮೈದಾನಕ್ಕೆ ಬಂದು ಕುಳಿತವನೊಬ್ಬನೇ ಹೊರಗುಳಿದವನಲ್ಲ. ಮೈದಾನಕ್ಕೇ ಬಾರದವರೂ ಇದ್ದಾರೆ. ನಮ್ಮಲ್ಲಿ ಮೊದಲ ವರ್ಷ ಒಂದು ಹೆಣ್ಣು ಮಗುವೂ ಬರಲಿಲ್ಲ. ಹೆಣ್ಣುಮಕ್ಕಳಿಗೆ ಆಸೆಯಿಲ್ಲವೆಂದು ತಿಳಿದಿದ್ದೆ. ಒಬ್ಬ ತಾಯಿ ತಿಳಿಸಿ ಹೇಳಿದ ಮೇಲೆ ಗೊತ್ತಾಯಿತು: ಆಟ ಮುಗಿಯುವ ಹೊತ್ತಿಗೆ ಕತ್ತಲಾಗುತ್ತದೆ, ಕಬ್ಬಿನ ಗದ್ದೆಯ ನಡುವಿನ ದಾರಿ, ಜೊತೆಗೆ ಯಾರು? ಅಡ್ಡಿಯಾಗಿದ್ದದ್ದು ದಾರಿ, ಆಸೆಯ ಕೊರತೆಯಲ್ಲ. ಆಟವನ್ನು ಅರ್ಧ ತಾಸು ಬೇಗ ಮುಗಿಸಿದೆವು. ತಾಯಂದಿರಿಬ್ಬರು ಸರದಿಯಂತೆ ಬಂದು ಕೂಡತೊಡಗಿದರು. ಐದು ಹುಡುಗಿಯರು ಬಂದರು. ಗದ್ದೆಯಲ್ಲಿ ತಂದೆತಾಯಿಗೆ ಕೈಗೂಡಿಸುವ ಮಕ್ಕಳಿಗೆ ಕಬ್ಬಿನ ಹಂಗಾಮಿನಲ್ಲಿ ರವಿವಾರ ಮಾತ್ರ ಬಿಡುವು. ಅವರಿಗಾಗಿ ರವಿವಾರವೂ ಬಯಲಿಗೆ ಹೋಗುತ್ತೇನೆ. ಇವು ದೊಡ್ಡ ಸಾಧನೆಗಳೇನೂ ಅಲ್ಲ. ಕೇಳಿದ್ದರೆ ಮೊದಲ ವಾರವೇ ತಿಳಿಯಬಹುದಾಗಿದ್ದ ಸಂಗತಿಗಳು.

ಆ ಹುಡುಗನ ಮಾತಿಗೆ ಮರಳುತ್ತೇನೆ. ಒಂದು ವಾರದ ಮೇಲೆ, ಉಳಿದವರು ಬರುವ ಮೊದಲು, ಮುಳ್ಳು ಆರಿಸುತ್ತಿದ್ದ ಅವನ ಜೊತೆ ನಾನೂ ಬಗ್ಗಿ ಮುಳ್ಳು ಆರಿಸತೊಡಗಿದೆ. "ಅವತ್ತು ನಿನ್ನನ್ನು ಆಡಿಸಬೇಕಿತ್ತು. ಆಡಿಸಲಿಲ್ಲ. ತಪ್ಪು ನನ್ನದು" ಎಂದೆ. ಅವನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇರ್ಲಿ ಬಿಡ್ರಿ ಸರ್. ಅವ್ವಗ ಮಾತ್ರ ಹೇಳಬ್ಯಾಡ್ರಿ" ಎಂದ. ನಾನು ಹೇಳಲಿಲ್ಲ. ಈಗ ಇಲ್ಲಿ ಬರೆಯುವ ಮುನ್ನ ಅವನನ್ನು ಕೇಳಿದ್ದೇನೆ. ಹೆಸರು ಬರೆಯದಿದ್ದರೆ ಆಗಬಹುದೆಂದ. ಆ ಸಲ ತಡೆದ ಅವನ ಐದು ನಿಮಿಷಗಳನ್ನು ಮರಳಿ ಕೊಡಲು ನನ್ನಿಂದಾಗದು. ಮುಂದಿನ ಪಂದ್ಯಗಳಲ್ಲಿ ಅವನು ಆಡಿದ್ದಾನೆ, ಕೆಲವನ್ನು ನಾವು ಸೋತಿದ್ದೇವೆ. ಆದರೆ ಅದರಿಂದ ಆ ದಿನದ ಲೆಕ್ಕ ಚುಕ್ತವಾಯಿತೆಂದು ಹೇಳಿಕೊಳ್ಳಲಾರೆ. ಕೆಲವು ಸಾಲಗಳನ್ನು ತೀರಿಸಲಾಗುವುದಿಲ್ಲ. ಮತ್ತೊಮ್ಮೆ ಮಾಡದಂತೆ ನೆನಪಿಟ್ಟುಕೊಳ್ಳಬಹುದು, ಅಷ್ಟೆ.

ಈಗ ನಮ್ಮ ಬಯಲಿನಲ್ಲಿ ಒಂದೇ ಕಟ್ಟಳೆ ಇದೆ. ಪಂದ್ಯಕ್ಕೆ ಬಂದ ಪ್ರತಿಯೊಂದು ಮಗುವೂ ಆಡಬೇಕು. ಯಾರನ್ನು ಯಾವಾಗ ಇಳಿಸುವುದೆಂದು ಪಂದ್ಯಕ್ಕೆ ಮೊದಲೇ ಬರೆದು, ಆ ಚೀಟಿಯನ್ನು ಜೊತೆಗೆ ಬಂದ ತಂದೆಯದೋ ತಾಯಿಯದೋ ಕೈಗೆ ಕೊಡುತ್ತೇನೆ. ಆಟ ಬಿಗಿಯಾದಾಗ ನನ್ನ ಮನಸ್ಸು ಬದಲಾಗುತ್ತದೆಂದು ನನಗೆ ಗೊತ್ತು. ಬದಲಾಗಲು ಅದಕ್ಕೆ ಅವಕಾಶ ಕೊಡಬಾರದೆಂದು ಈ ಉಪಾಯ. ಒಳ್ಳೆಯವನಾಗಿರುತ್ತೇನೆಂದು ನನ್ನನ್ನು ನಾನೇ ನಂಬುವುದಕ್ಕಿಂತ ಚೀಟಿಯನ್ನು ನಂಬುವುದು ಲೇಸು.

ಪ್ರಿಯ ಓದುಗರೇ, ನಿಮ್ಮ ಊರಿನಲ್ಲಿಯೂ ಒಂದು ಬಯಲಿದೆ, ಸಂಜೆ ಅಲ್ಲಿ ಮಕ್ಕಳಿದ್ದಾರೆ. ಚೆಂಡು ಎಂದಾದರೂ ನಿಮ್ಮ ಕಾಲಬಳಿಗೆ ಬಂದರೆ, ಹೇಳಿಕೊಡಿರೆಂದು ಮಗುವೊಂದು ಕೇಳಿದರೆ, ದಯವಿಟ್ಟು "ಆಗಲಿ" ಎನ್ನಿ. ನನ್ನ ಅನುಭವವನ್ನು ಕೇಳಿ ಹಿಂಜರಿಯಬೇಡಿ. ತಪ್ಪು ಮಾಡದವನು ಬೇಕೆಂದು ಕಾಯುತ್ತ ಕುಳಿತರೆ ಮಕ್ಕಳು ದೊಡ್ಡವರಾಗಿಬಿಡುತ್ತಾರೆ. ಆದರೆ ಹಣ ಪಡೆಯುವುದಿಲ್ಲವೆಂಬ ಮಾತ್ರಕ್ಕೆ ಲೆಕ್ಕ ಮುಗಿಯಿತೆಂದು ತಿಳಿಯಬೇಡಿ. ಪ್ರತಿ ಸಂಜೆ ಮನೆಗೆ ಮರಳುವಾಗ, ಇಂದು ಬಂದವರಲ್ಲಿ ಚೆಂಡು ಮುಟ್ಟದೆ ಹೋದ ಮಗು ಯಾವುದು ಎಂದು ನೆನಪಿಸಿಕೊಳ್ಳಿ. ಒಂದು ಮುಖ ನೆನಪಾದರೆ, ನಾಳೆ ಚೆಂಡನ್ನು ಮೊದಲು ಆ ಮಗುವಿನ ಕಡೆಗೆ ಉರುಳಿಸಿ.